52 ಸೆಕೆಂಡಿನ ಹಿಂದಿನ ತಯಾರಿ

ಆಗಸ್ಟ್ ಮೊದಲ ವಾರ ಬಂತೆಂದರೆ ಮಲೆನಾಡಿನ ಶಾಲೆಗಳ ಪಿ.ಟಿ. ಮೇಷ್ಟ್ರುಗಳಿಗೆ ಪುರಸೊತ್ತು ಇರುವುದಿಲ್ಲ. ಕವಾಯತು ಕಲಿಸಬೇಕು, ಧ್ವಜಕಟ್ಟೆಯ ಪಾಚಿ ಕೆರೆಸಬೇಕು, ಕಂಬದ ಹಗ್ಗ ಸರಾಗವಾಗಿ ಓಡುತ್ತದೆಯೇ ಎಂದು ನೋಡಬೇಕು. ಇದರ ನಡುವೆ ಊರಿನವರ ಫೋನುಗಳೂ ಬರುತ್ತವೆ. ಸಹಕಾರ ಸಂಘದ ಕಾರ್ಯದರ್ಶಿಗಳು, ಯುವಕ ಸಂಘದ ಹುಡುಗರು, ಸ್ವಸಹಾಯ ಸಂಘದ ಅಕ್ಕಂದಿರು ಎಲ್ಲರದ್ದೂ ಹೆಚ್ಚುಕಡಿಮೆ ಅದೇ ಪ್ರಶ್ನೆ. "ಸಾರ್, ರಾಷ್ಟ್ರಗೀತೆ ಹೇಳುವಾಗ ಎದೆ ಮೇಲೆ ಕೈ ಇಟ್ಕೋಬೇಕಾ?" "ಮಳೆ ಬಂದ್ರೆ ಕೊಡೆ ಹಿಡೀಬಹುದಾ?" "ಮೊಬೈಲಲ್ಲಿ ಹಾಕಿದ್ರೆ ನಡೀತದಾ?" ತಮ್ಮಿಂದ ತಪ್ಪಾಗಬಾರದು ಎಂಬ ಕಾಳಜಿಯಿಂದ ಕೇಳುವ ಪ್ರಶ್ನೆಗಳಿವು. ಹಾಗಾಗಿ ಉತ್ತರವೂ ಸ್ಪಷ್ಟವಾಗಿರಬೇಕು.

ತೀರ್ಥಹಳ್ಳಿ, ಹೊಸನಗರ ಕಡೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮಕ್ಕಳನ್ನು ಸಾಲು ನಿಲ್ಲಿಸುತ್ತ ಬಂದ ನನಗೆ ಒಂದು ವಿಷಯ ಖಚಿತವಾಗಿದೆ. ರಾಷ್ಟ್ರಗೀತೆಯ ಹೊತ್ತಿನಲ್ಲಿ ಅಗೌರವವಾಯಿತೆಂದು ನಾವು ಸಿಟ್ಟಾಗುವ ಸಂಗತಿಗಳಲ್ಲಿ ಹೆಚ್ಚಿನವನ್ನು ಯಾರೂ ಬೇಕೆಂದು ಮಾಡಿರುವುದಿಲ್ಲ. ಕಾರ್ಯಕ್ರಮ ನಡೆಸುವವರು ಮೊದಲೇ ಯೋಚಿಸಿರುವುದಿಲ್ಲ, ಅಷ್ಟೆ. ಬೈಗುಳ ತಿನ್ನುವವರು ಮಾತ್ರ ಸಾಲಿನಲ್ಲಿ ನಿಂತವರು.

ಮೊದಲು ನಿಯಮ ಏನು ಹೇಳುತ್ತದೆ ನೋಡೋಣ. ರವೀಂದ್ರನಾಥ ಠಾಗೋರರ ಈ ಗೀತೆಯನ್ನು ಮೊದಲು ಹಾಡಿದ್ದು 1911ರ ಡಿಸೆಂಬರ್ 27ರಂದು, ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ. ಸಂವಿಧಾನ ಸಭೆ ಇದನ್ನು ರಾಷ್ಟ್ರಗೀತೆಯಾಗಿ ಒಪ್ಪಿಕೊಂಡದ್ದು 1950ರ ಜನವರಿ 24ರಂದು. ಪೂರ್ಣ ರೂಪಕ್ಕೆ ಸುಮಾರು 52 ಸೆಕೆಂಡು ಹಿಡಿಯುತ್ತದೆ. ಮೊದಲ ಮತ್ತು ಕೊನೆಯ ಸಾಲುಗಳಷ್ಟೇ ಇರುವ ಚಿಕ್ಕ ರೂಪವೂ ಉಂಟು, ಅದಕ್ಕೆ ಸುಮಾರು 20 ಸೆಕೆಂಡು ಸಾಕು. ಗೀತೆಯನ್ನು ಹಾಡಿದಾಗ ಅಥವಾ ನುಡಿಸಿದಾಗ ಸಭೆಯಲ್ಲಿದ್ದವರು ಎದ್ದು ಸಾವಧಾನ ಭಂಗಿಯಲ್ಲಿ ನಿಲ್ಲಬೇಕು ಎಂದು ಕೇಂದ್ರ ಗೃಹ ಸಚಿವಾಲಯದ ಆದೇಶ ಹೇಳುತ್ತದೆ. ಎದೆಯ ಮೇಲೆ ಕೈ ಇಡಬೇಕೆಂದಾಗಲಿ, ಕೈ ಮುಗಿಯಬೇಕೆಂದಾಗಲಿ ಅದರಲ್ಲಿಲ್ಲ. ಟಿವಿಯಲ್ಲಿ ಹೊರದೇಶದವರನ್ನು ನೋಡಿ ಎದೆಗೆ ಕೈ ಇಡುವವರು ಈಗ ಜಾಸ್ತಿಯಾಗಿದ್ದಾರೆ. ಅದು ಅಪರಾಧವಲ್ಲ, ಯಾರೂ ಅವರ ಕೈ ಎಳೆಯಬೇಕಾಗಿಲ್ಲ. ಆದರೆ ಮಕ್ಕಳಿಗೆ ಕಲಿಸುವಾಗ ಸಾವಧಾನವನ್ನೇ ಕಲಿಸಿ. ಸೆಲ್ಯೂಟ್ ಸಮವಸ್ತ್ರದಲ್ಲಿರುವ ಪೊಲೀಸರು, ಎನ್‌ಸಿಸಿ, ಸ್ಕೌಟ್ಸ್‌ನವರಿಗೆ ಸೇರಿದ್ದು.

ಅದೇ ಆದೇಶದಲ್ಲಿ ಇನ್ನೊಂದು ಮಾತಿದೆ, ಅದನ್ನು ಓದಿದವರು ಕಡಿಮೆ. ಬ್ಯಾಂಡಿನವರು ರಾಷ್ಟ್ರಗೀತೆ ನುಡಿಸುವ ಮೊದಲು ಡ್ರಮ್ ಬಾರಿಸಬೇಕು, ನಿಧಾನ ನಡಿಗೆಯ 7 ಹೆಜ್ಜೆಗಳಷ್ಟು ಹೊತ್ತು. ಸದ್ದು ಮೆಲ್ಲಗೆ ಶುರುವಾಗಿ, ಜೋರಾಗಿ, ಮತ್ತೆ ಇಳಿಯಬೇಕು. ಆಮೇಲೆ ಒಂದು ಪೆಟ್ಟಿನಷ್ಟು ಬಿಡುವು ಕೊಟ್ಟು ಗೀತೆ ಶುರು. ಶಿವಮೊಗ್ಗದ ಜಿಲ್ಲಾ ಮಟ್ಟದ ಸಮಾರಂಭದಲ್ಲಿ ಪೊಲೀಸ್ ಬ್ಯಾಂಡಿನವರು ಬಾರಿಸುವುದನ್ನು ಕೇಳಿದವರು ಅದನ್ನು ಅಲಂಕಾರವೆಂದೇ ತಿಳಿದಿರುತ್ತಾರೆ. ರಾಷ್ಟ್ರಗೀತೆ ಬರುತ್ತಿದೆ ಎಂದು ಸಭಿಕರಿಗೆ ಗೊತ್ತಾಗಲಿ ಎಂಬುದಕ್ಕಾಗಿಯೇ ಅದು ಇರುವುದು. ಕುಳಿತವರಿಗೆ ಏಳಲು, ಮಗುವನ್ನು ಕೆಳಗಿಳಿಸಲು, ಚೀಲ ಬದಿಗಿಡಲು ಸಮಯ ಕೊಡುವುದು ನಡೆಸುವವರ ಕೆಲಸ ಎಂದು ಆದೇಶವೇ ಒಪ್ಪಿಕೊಂಡಿದೆ!

ನಮ್ಮ ಹಳ್ಳಿಯ ಸಭೆಗಳಲ್ಲಿ ನಡೆಯುವುದು ಬೇರೆ. ವಂದನಾರ್ಪಣೆ ಮಾಡುವವರು ಕೊನೆಯ ಹೆಸರು ಹೇಳಿ ಉಸಿರು ತೆಗೆದುಕೊಳ್ಳುವ ಮೊದಲೇ ಯಾರೋ ಮೈಕಿನಲ್ಲಿ "ಜನಗಣಮನ" ಎಂದು ಎತ್ತಿಬಿಡುತ್ತಾರೆ. ಹಿಂದಿನ ಸಾಲಿನಲ್ಲಿ ಕುರ್ಚಿ ಎಳೆಯುವ ಸದ್ದು, ಹೊರಗೆ ಉಪ್ಪಿಟ್ಟಿನ ತಟ್ಟೆ ಜೋಡಿಸುವ ಸದ್ದು, ಚಪ್ಪಲಿ ಹುಡುಕುತ್ತ ಬಾಗಿಲಿಗೆ ಹೊರಟವರು. ಇವರಲ್ಲಿ ಯಾರು ದೇಶಕ್ಕೆ ಅಗೌರವ ತೋರಿದರು? ನಿರೂಪಕರು "ಈಗ ರಾಷ್ಟ್ರಗೀತೆ, ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ" ಎಂದು ಹೇಳಿ, ಮನಸ್ಸಿನಲ್ಲೇ ಏಳರವರೆಗೆ ಎಣಿಸಿ, ಸಭೆ ನಿಶ್ಚಲವಾದ ಮೇಲೆ ಶುರು ಮಾಡಿಸಿದರೆ ಇಷ್ಟೂ ತಪ್ಪುತ್ತದೆ. ಅಡುಗೆಯವರಿಗೂ ಮೊದಲೇ ತಿಳಿಸಿ. ಕುದಿಯುವ ಪಾತ್ರೆಯ ಮುಂದೆ ನಿಂತವರು ಅದನ್ನು ಬಿಟ್ಟು ಬರಲಾರರು, ಸೌಟು ಕೆಳಗಿಟ್ಟು ಅಲ್ಲೇ ನಿಂತರಾಯಿತು.

ಇನ್ನು ಮಳೆ. ಬಯಲುಸೀಮೆಯವರಿಗೆ ಈ ಕಷ್ಟ ಅಷ್ಟಾಗಿ ಇಲ್ಲ. ಆಗಸ್ಟ್ 15 ಎಂದರೆ ನಮ್ಮಲ್ಲಿ ಆಶ್ಲೇಷ ಮಳೆಯ ಕೊನೆ. ಆಗುಂಬೆ, ನಗರ, ಹುಲಿಕಲ್ ಕಡೆ ಬೆಳಿಗ್ಗೆ ಎಂಟಕ್ಕೂ ದೀಪ ಬೇಕಾಗುವಷ್ಟು ಮೋಡ ಕವಿದಿರುತ್ತದೆ. ನೆನೆದ ಹಗ್ಗ ಉಬ್ಬಿ ರಾಟೆಯಲ್ಲಿ ಕಚ್ಚಿಕೊಳ್ಳುತ್ತದೆ. ಧ್ವಜಕ್ಕೆ ಹಾಕಿದ ಜಾರುಗಂಟು ಒದ್ದೆಯಾದರೆ ಬಿಗಿದುಕೊಂಡು, ಅತಿಥಿಗಳು ಎಷ್ಟು ಎಳೆದರೂ ಬಿಚ್ಚುವುದಿಲ್ಲ. ಅಷ್ಟರಲ್ಲಿ ಹಾಡುವ ಮಕ್ಕಳು ಶುರು ಮಾಡಿದ್ದರೆ ಅರ್ಧ ಗೀತೆ ಮುಗಿದರೂ ಧ್ವಜ ಬಿಚ್ಚಿಕೊಂಡಿರುವುದಿಲ್ಲ. ಆದ್ದರಿಂದ ತಾಲೀಮನ್ನು ಬಿಸಿಲು ಬಿದ್ದ ದಿನ ಮಾಡಿದರೆ ಸಾಲದು, ಹಗ್ಗವನ್ನು ಒಂದು ಕೊಡ ನೀರಿನಲ್ಲಿ ನೆನೆಸಿ ಎಳೆದು ನೋಡಿ. ಗಂಟನ್ನು ಒಂದೇ ಸುತ್ತಿಗೆ, ಸಡಿಲವಾಗಿ ಹಾಕಿ. ಧ್ವಜ ಬಿಚ್ಚಿಕೊಂಡದ್ದನ್ನು ಕಣ್ಣಾರೆ ಕಂಡ ಮೇಲೆಯೇ ಹಾಡು ಎತ್ತಬೇಕೆಂದು ಮುಂದಾಳು ಮಕ್ಕಳಿಗೆ ಹೇಳಿಕೊಡಿ.

ಮಕ್ಕಳು ನೆನೆಯಬೇಕೇ ಎಂಬುದು ಇನ್ನೊಂದು ಪ್ರಶ್ನೆ. ಬೇಡ. ಧ್ವಜಕಟ್ಟೆಗೆ ಮುಖಮಾಡಿದ ಶಾಲೆಯ ಜಗಲಿಯಲ್ಲಿ ಸಾಲು ನಿಲ್ಲಿಸಿದರೆ ಗೌರವಕ್ಕೆ ಏನೂ ಕಡಿಮೆಯಾಗುವುದಿಲ್ಲ. ಜಗಲಿ ಸಾಲದಿದ್ದರೆ ದೊಡ್ಡವರು ಅಂಗಳದಲ್ಲಿ ಕೊಡೆ ಹಿಡಿದು ನಿಲ್ಲಲಿ. ಕೊಡೆಯನ್ನು ನೆಟ್ಟಗೆ ಹಿಡಿದು, ಇನ್ನೊಂದು ಕೈಯನ್ನು ಪಕ್ಕಕ್ಕೆ ಇಳಿಬಿಟ್ಟು, ಅಲುಗಾಡದೆ ನಿಂತರೆ ಸಾಕು. ಒದ್ದೆಯಾಗಿ ನಡುಗುವ ಮಗು ಸಾವಧಾನದಲ್ಲಿ ಹೇಗೆ ನಿಂತೀತು?

ಮಳೆಗಾಲದ ಒಂದು ತಾಲೀಮಿನಲ್ಲಿ ನಡೆದದ್ದು ಹೇಳುತ್ತೇನೆ. ಎಂಟನೇ ತರಗತಿಯ ಹುಡುಗನೊಬ್ಬ "ವಿಂಧ್ಯ ಹಿಮಾಚಲ" ಬರುವಷ್ಟರಲ್ಲಿ ಕಾಲು ಅಲ್ಲಾಡಿಸತೊಡಗಿದ. ಮೊದಲು ಒಂದು ಪಾದ, ಆಮೇಲೆ ಅದರ ಮೇಲೆ ಇನ್ನೊಂದು ಪಾದವಿಟ್ಟು ಉಜ್ಜಿಕೊಂಡ. ನೋಡಲು ಬಂದಿದ್ದ ಹಿರಿಯರೊಬ್ಬರು ಗೀತೆ ಮುಗಿದದ್ದೇ ಅವನ ಕಿವಿ ಹಿಡಿದರು. "ಐವತ್ತು ಸೆಕೆಂಡು ನೆಟ್ಟಗೆ ನಿಲ್ಲಕ್ಕಾಗಲ್ವೇನೋ ನಿಂಗೆ?" ಹುಡುಗ ಮಾತಾಡಲಿಲ್ಲ, ಕಾಲು ಎತ್ತಿ ತೋರಿಸಿದ. ಕಿರುಬೆರಳ ಸಂದಿಯಲ್ಲಿ ಉಂಬಳ (ಜಿಗಣೆ) ಕಚ್ಚಿಕೊಂಡು ಕುಡಿದು ದಪ್ಪಗಾಗಿತ್ತು, ರಕ್ತ ಇಳಿದು ಚಪ್ಪಲಿ ಕೆಂಪಾಗಿತ್ತು. ಮೈದಾನದ ಆ ಮೂಲೆಯ ಹುಲ್ಲನ್ನು ಯಾರೂ ಸವರಿರಲಿಲ್ಲ. ಹಿರಿಯರು ಕಿವಿ ಬಿಟ್ಟು, ತಾವೇ ಉಪ್ಪು ತರಿಸಿ ಅದನ್ನು ಬಿಡಿಸಿದರು. ಸಾಲು ನಿಲ್ಲುವ ಜಾಗದ ಹುಲ್ಲು ಸವರುವುದು, ಒಂದು ಡಬ್ಬಿ ಉಪ್ಪು ಇಟ್ಟುಕೊಳ್ಳುವುದು ಮಲೆನಾಡಿನ ಶಾಲೆಯಲ್ಲಿ ರಾಷ್ಟ್ರಗೀತೆಯ ತಯಾರಿಗೇ ಸೇರಿದ ಕೆಲಸ.

ಸಾವಧಾನ ಭಂಗಿಯನ್ನೂ ಸರಿಯಾಗಿ ಹೇಳಿಕೊಡಬೇಕು. ಹಿಮ್ಮಡಿ ಕೂಡಿರಲಿ, ಪಾದದ ತುದಿಗಳು ಸುಮಾರು 30 ಡಿಗ್ರಿ ಅಗಲಿರಲಿ. ಮುಷ್ಟಿ ಹಗುರವಾಗಿ ಮಡಚಿ, ಹೆಬ್ಬೆರಳು ಚಡ್ಡಿಯ ಹೊಲಿಗೆಯ ಉದ್ದಕ್ಕೆ ನೆಲದ ಕಡೆ ತೋರಿಸಲಿ. ಎದೆ ಎತ್ತಿ, ದೃಷ್ಟಿ ನೇರ. ಭಾರ ಎರಡೂ ಕಾಲಿನ ಮೇಲೆ ಸಮನಾಗಿ ಬೀಳಬೇಕು. ಆದರೆ ಈ ಭಂಗಿಯಲ್ಲಿ ಮಕ್ಕಳನ್ನು ಎಷ್ಟು ಹೊತ್ತು ನಿಲ್ಲಿಸುತ್ತೀರಿ ಎಂಬುದು ಮುಖ್ಯ. ಅತಿಥಿಗಳ ಕಾರು ಘಾಟಿಯಲ್ಲಿ ತಡವಾಗಿದೆ, ಬಂದ ತಕ್ಷಣ ಶುರು ಮಾಡಬೇಕೆಂದು ಮಕ್ಕಳನ್ನು ಮುಕ್ಕಾಲು ಗಂಟೆ ಸಾವಧಾನದಲ್ಲೇ ಇಟ್ಟಿರುವುದನ್ನು ನೋಡಿದ್ದೇನೆ. ಕೊನೆಗೆ ಗೀತೆ ಶುರುವಾದಾಗ ಒಬ್ಬಳು ಕುಸಿಯುತ್ತಾಳೆ, ಅವಳ ಸುತ್ತ ಗದ್ದಲ. ಅಲುಗಾಡದೆ ಮೊಣಕಾಲು ಬಿಗಿದು ನಿಂತರೆ ರಕ್ತ ಕಾಲುಗಳಲ್ಲೇ ಉಳಿಯುತ್ತದೆ. ಮೀನಖಂಡದ ಸ್ನಾಯು ಹಿಂಡಿದಾಗಲೇ ಅದು ಸರಾಗವಾಗಿ ಮೇಲೇರುವುದು. ಮೇಲೇರದಿದ್ದರೆ ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲೆ ಬರುತ್ತದೆ. ಖಾಲಿ ಹೊಟ್ಟೆಯಲ್ಲಿ ಬಂದ ಮಕ್ಕಳಿಗೆ ಇನ್ನೂ ಬೇಗ. ವಿಶ್ರಾಮ್‌ನಲ್ಲಿ ಇಡಿ, ಸಾಧ್ಯವಾದರೆ ಕೂರಿಸಿ. ಅತಿಥಿಗಳು ಧ್ವಜಕಟ್ಟೆಯ ಹತ್ತಿರ ಬಂದಾಗ ಸಾವಧಾನ್ ಹೇಳಿದರೆ ಮಕ್ಕಳು ಚಿಮ್ಮಿ ನಿಲ್ಲುತ್ತಾರೆ.

ತಾಲೀಮಿನ ಮೊದಲ ದಿನ ನಾನು ಮಕ್ಕಳಿಗೆ ಈಸೂರಿನ ಕಥೆ ಹೇಳುತ್ತೇನೆ. ನಮ್ಮದೇ ಜಿಲ್ಲೆಯ, ಶಿಕಾರಿಪುರ ತಾಲ್ಲೂಕಿನ ಊರು. 1942ರಲ್ಲಿ ತಾನು ಸ್ವತಂತ್ರ ಎಂದು ಸಾರಿಕೊಂಡ ಹಳ್ಳಿ, 1943ರ ಮಾರ್ಚ್‌ನಲ್ಲಿ ಅಲ್ಲಿನ ಐವರು ನೇಣಿಗೇರಿದರು. "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂಬ ಮಾತನ್ನು ಮಕ್ಕಳ ಬಾಯಲ್ಲೂ ಹೇಳಿಸುತ್ತೇನೆ. ಕಥೆ ಕೇಳಿದ ತರಗತಿ ನಿಲ್ಲುವ ರೀತಿಯೇ ಬೇರೆ. ಕೋಲು ಹಿಡಿದು ಕಲಿಸಿದ ಶಿಸ್ತು ಕೋಲು ಕಣ್ಣಿಗೆ ಬೀಳುವಷ್ಟು ಹೊತ್ತು ಮಾತ್ರ.

ಹಾಡುವುದರ ಬಗ್ಗೆ ಎರಡು ಮಾತು. ಗೀತೆ ಎಡವುವುದು ಶ್ರುತಿಯಲ್ಲಿ. ಉತ್ಸಾಹದಲ್ಲಿ ಎತ್ತರಕ್ಕೆ ಎತ್ತಿದರೆ ಶುರುವಿನ ಸಾಲುಗಳು ಚೆನ್ನಾಗಿಯೇ ಇರುತ್ತವೆ. ಕೊನೆಯ ಮೂರು "ಜಯಹೇ"ಗಳಲ್ಲಿ ಮೊದಲನೆಯದು ಇಡೀ ಗೀತೆಯ ಎತ್ತರದ ಸ್ವರ ಮುಟ್ಟುತ್ತದೆ, ಅಲ್ಲಿ ಅರ್ಧ ಮಕ್ಕಳು ಕಿರುಚುತ್ತಾರೆ, ಉಳಿದವರು ಬಾಯಿ ಮುಚ್ಚುತ್ತಾರೆ, ನೋಡುವವರಲ್ಲಿ ಕೆಲವರು ನಗುತ್ತಾರೆ. ಪರಿಹಾರ ಸುಲಭ. ತಾಲೀಮಿನಲ್ಲಿ ಆ "ಜಯಹೇ"ಯಿಂದಲೇ ಶುರು ಮಾಡಿ, ಎಲ್ಲರಿಗೂ ನಿಲುಕುವ ಸ್ವರ ಹುಡುಕಿ, ಅಲ್ಲಿಂದ ಇಳಿದು ಬಂದು "ಜನಗಣ"ದ ಸ್ವರ ಗೊತ್ತು ಮಾಡಿಕೊಳ್ಳಿ. ಹಾರ್ಮೋನಿಯಂ ಇದ್ದರೆ ಆ ಸ್ವರದ ಮನೆಗೆ (ಕೀಗೆ) ಸೀಮೆಸುಣ್ಣದ ಗುರುತು ಹಾಕಿ. ಇಬ್ಬರು ಮಕ್ಕಳು ಮೊದಲ ಪದ ಎತ್ತಲಿ, ಮೂರನೆಯವರು ಬೇಡ. "ಉಚ್ಛಲ ಜಲಧಿ ತರಂಗ" ಎನ್ನುವಲ್ಲಿ ಮಕ್ಕಳು "ಉಜ್ವಲ" ಎನ್ನುತ್ತಾರೆ, ಬೋರ್ಡಿನ ಮೇಲೆ ಬರೆದು ತಿದ್ದಿ. ಕಾರ್ಯಕ್ರಮದ ಆರಂಭದಲ್ಲಿ ನಾವು ಹಾಡುವ ಕುವೆಂಪು ಅವರ ನಾಡಗೀತೆಗೂ ಎದ್ದು ನಿಲ್ಲುತ್ತೇವೆ. ಅದಕ್ಕೆ ಸರ್ಕಾರ ಗೊತ್ತುಮಾಡಿದ ಅವಧಿ ಎರಡೂವರೆ ನಿಮಿಷ. ಅಷ್ಟು ಹೊತ್ತು ನಿಲ್ಲುವ ಅಭ್ಯಾಸವಿರುವ ಮಕ್ಕಳಿಗೆ 52 ಸೆಕೆಂಡು ಭಾರವಾಗುವುದಿಲ್ಲ.

ಮೊಬೈಲಿನಿಂದ ಹಾಕುವುದಾದರೆ ಮೊದಲೇ ಡೌನ್‌ಲೋಡ್ ಮಾಡಿಕೊಂಡು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಗೀತೆಯ ನಡುವೆ ಜಾಹೀರಾತು ಬಂದರೆ ಇಡೀ ಸಭೆ ತಲೆತಗ್ಗಿಸಬೇಕಾಗುತ್ತದೆ. ರಾಗ ಎಳೆದು, ವಾದ್ಯ ಸೇರಿಸಿ ಎರಡು-ಮೂರು ನಿಮಿಷ ಮಾಡಿರುವ ಧ್ವನಿಮುದ್ರಣಗಳೂ ಇವೆ, ಅವು ಬೇಡ. ನನ್ನನ್ನು ಕೇಳಿದರೆ, ತಪ್ಪುತಡೆಯಾದರೂ ನಿಂತವರೇ ಬಾಯಿಬಿಟ್ಟು ಹಾಡುವುದೇ ಲೇಸು.

ಇನ್ನು ಹಾಡದೆ ನಿಂತವರ ವಿಷಯ. ಇದನ್ನು ಪ್ರತಿಯೊಬ್ಬ ಶಿಕ್ಷಕರೂ ತಿಳಿದಿರಲೇಬೇಕು. 1985ರಲ್ಲಿ ಕೇರಳದ ಒಂದು ಶಾಲೆಯಿಂದ ಮೂವರು ಮಕ್ಕಳನ್ನು ಹೊರಹಾಕಿದರು. ಅವರು ದಿನಾ ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ತಮ್ಮ ಧರ್ಮದ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. 1986ರ ಆಗಸ್ಟ್ 11ರಂದು ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಬೇಕೆಂದು ತೀರ್ಪು ಕೊಟ್ಟಿತು. ಗೌರವದಿಂದ ಎದ್ದು ನಿಂತ ಮೇಲೆ, ಹಾಡಲಿಲ್ಲ ಎಂಬ ಒಂದೇ ಕಾರಣಕ್ಕೆ ಅಗೌರವ ಎನ್ನಲಾಗದು ಎಂದಿತು. 1971ರ ರಾಷ್ಟ್ರ ಗೌರವಕ್ಕೆ ಅಪಮಾನ ತಡೆ ಕಾಯ್ದೆಯಲ್ಲೂ ಶಿಕ್ಷೆ ಇರುವುದು ಉದ್ದೇಶಪೂರ್ವಕವಾಗಿ ಹಾಡುವುದನ್ನು ತಡೆದವರಿಗೆ ಅಥವಾ ಹಾಡುತ್ತಿರುವ ಸಭೆಗೆ ಅಡ್ಡಿ ಮಾಡಿದವರಿಗೆ, 3 ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. "ಸಾರ್, ಆ ಹುಡುಗ ಬಾಯೇ ಬಿಡಲ್ಲ, ಹೊರಗೆ ನಿಲ್ಲಿಸಿ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅವನಿಗೆ ಉಗ್ಗು ಇರಬಹುದು, ದನಿ ಒಡೆಯುವ ವಯಸ್ಸಿನ ನಾಚಿಕೆ ಇರಬಹುದು, ನಂಬಿಕೆಯೂ ಇರಬಹುದು. ನೆಟ್ಟಗೆ ನಿಂತಿದ್ದಾನೆ ತಾನೇ? ಹಾಡಿನ ನಡುವೆ ಹೋಗಿ ಅವನ ಭುಜ ಅಲ್ಲಾಡಿಸುವವರೇ ಆ ಹೊತ್ತಿನ ಗೌರವ ಕೆಡಿಸುವವರು.

ಸಿನಿಮಾ ಮಂದಿರದ ಗೊಂದಲವೂ ಇನ್ನೂ ಪೂರ್ತಿ ಹೋಗಿಲ್ಲ. 2016ರ ನವೆಂಬರ್ 30ರಂದು ಸುಪ್ರೀಂ ಕೋರ್ಟ್ ಪ್ರತಿ ಪ್ರದರ್ಶನದ ಮೊದಲು ರಾಷ್ಟ್ರಗೀತೆ ಕಡ್ಡಾಯ ಮಾಡಿತ್ತು. 2018ರ ಜನವರಿ 9ರಂದು ಅದನ್ನು ಬದಲಿಸಿ ಐಚ್ಛಿಕ ಮಾಡಿತು. ಹಾಕಿದರೆ ಎದ್ದು ನಿಲ್ಲಬೇಕು. ಚಿತ್ರದ ಅಥವಾ ಸಾಕ್ಷ್ಯಚಿತ್ರದ ಕಥೆಯ ಭಾಗವಾಗಿ ಬಂದರೆ ಏಳಬೇಕಾಗಿಲ್ಲ, ಎದ್ದರೆ ಗೊಂದಲವೇ ಹೆಚ್ಚು ಎಂದು ಗೃಹ ಸಚಿವಾಲಯದ ಆದೇಶವೂ ಹೇಳುತ್ತದೆ. ಪಕ್ಕದವರು ಎದ್ದಿಲ್ಲವೆಂದು ಅವರ ಮೇಲೆ ಕೈ ಮಾಡುವ ಅಧಿಕಾರ ಯಾರಿಗೂ ಇಲ್ಲ.

ಎದ್ದು ನಿಲ್ಲಲಾಗದವರಿಗೆ ನ್ಯಾಯಾಲಯವೇ ವಿನಾಯಿತಿ ಕೊಟ್ಟಿದೆ. ಮಂಡಿ ನೋವಿನ ಅಜ್ಜಿ, ಗಾಲಿಕುರ್ಚಿಯ ಮಗು, ಊರುಗೋಲು ಹಿಡಿದ ನಿವೃತ್ತ ಮೇಷ್ಟ್ರು ಕುಳಿತಲ್ಲೇ ಬೆನ್ನು ನೆಟ್ಟಗೆ ಮಾಡಿ ಕೂತರೆ ಸಾಕು. ಆದರೆ ನಾವು ಇವರನ್ನು ಹಿಂದಿನ ಸಾಲಿನಲ್ಲಿ ಕೂರಿಸುತ್ತೇವೆ. ಮುಂದಿನವರೆಲ್ಲ ಎದ್ದಾಗ ಅವರಿಗೆ ಕಾಣುವುದು ಬೆನ್ನುಗಳು ಮಾತ್ರ, ಜೊತೆಗೆ ತಿರುಗಿ ನೋಡುವವರ ಕಣ್ಣು ಬೇರೆ. ಈ ಸಲ ಅವರ ಕುರ್ಚಿಗಳನ್ನು ಎಲ್ಲರಿಗಿಂತ ಮುಂದೆ, ಧ್ವಜಕಟ್ಟೆಯ ಬಲಕ್ಕೆ, ಸೂರಿನ ಕೆಳಗೆ ಹಾಕಿಸಿ. ಹಿಂದಿನ ದಿನವೇ ಅವರ ಮನೆಗೆ ಹೋಗಿ, ಏಳಬೇಕಾಗಿಲ್ಲ ಎಂದು ಹೇಳಿ ಬನ್ನಿ. ಇಲ್ಲದಿದ್ದರೆ ಅವರು ಆ ಸಂಕೋಚಕ್ಕೇ ಬರುವುದನ್ನು ಬಿಡುತ್ತಾರೆ.