ಬಿಂದಿಗೆಯಲ್ಲಿ ಪೆಟ್ರೋಲ್ ವಾಸನೆ

ಮಂಡ್ಯದಲ್ಲಿ ನಮ್ಮ ಸೋದರತ್ತೆಯ ಬೀದಿಯ ತುದಿಗೆ ಮೂರು ಗ್ಯಾರೇಜುಗಳಿವೆ. ಬೈಕಿನ ಬಿಡಿಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆದು, ಉಳಿದದ್ದನ್ನು ಮಣ್ಣಿಗೇ ಚೆಲ್ಲುವುದು ಅಲ್ಲಿನ ವಾಡಿಕೆ. ಕಳೆದ ತಿಂಗಳು ಅತ್ತೆ ಬೋರ್‌ವೆಲ್ ನೀರಿನ ಬಿಂದಿಗೆಯನ್ನು ನನ್ನ ಮುಂದಿಟ್ಟು, "ಮೂಸಿ ನೋಡಪ್ಪ, ಬಂಕಿನಲ್ಲಿ ನಿಂತ ಹಾಗಿದೆ" ಎಂದರು. ಎದುರುಮನೆಯ ಹುಡುಗ ಟಿಡಿಎಸ್ ಮೀಟರ್ ಅದ್ದಿ, ನೀರು ಚೆನ್ನಾಗಿದೆ ಎಂದಿದ್ದನಂತೆ.

ಹುಡುಗನ ತಪ್ಪಲ್ಲ. ಆ ಮೀಟರ್ ಅಳೆಯುವುದು ಕರಗಿದ ಲವಣಗಳ ದೆಸೆಯಿಂದ ನೀರಿನಲ್ಲಿ ಹರಿಯುವ ವಿದ್ಯುತ್ತನ್ನು. ಪೆಟ್ರೋಲಿನಿಂದ ಬರುವ ಬೆಂಜೀನ್, ಟಾಲ್ಯೂಯಿನ್, ಜೈಲೀನ್‌ಗಳು ವಿದ್ಯುತ್ ಹರಿಸುವುದಿಲ್ಲ, ಮೀಟರಿಗೆ ಅವು ಇಲ್ಲವೇ ಇಲ್ಲ. ಮೂಗನ್ನೂ ಪೂರ್ತಿ ನಂಬುವಂತಿಲ್ಲ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಬೆಂಜೀನ್ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ; ಬರೀ ಬೆಂಜೀನ್ ಮೂಗಿಗೆ ಹತ್ತಬೇಕಾದರೆ ಅದರ ನೂರಾರು ಪಟ್ಟು ಇರಬೇಕು. ಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಹನಿ ಬೆಂಜೀನ್ ಸುಮಾರು 4,000 ಲೀಟರ್ ನೀರನ್ನು, ಅಂದರೆ ತಾರಸಿಯ ಮೇಲಿನ ನಾಲ್ಕು ದೊಡ್ಡ ಟ್ಯಾಂಕುಗಳನ್ನು, ಆ ಮಿತಿಗೆ ಮುಟ್ಟಿಸುತ್ತದೆ. ನಮ್ಮ ಪೆಟ್ರೋಲಿನಲ್ಲಿ ಶೇ. 1ರವರೆಗೆ ಬೆಂಜೀನ್ ಇರಬಹುದು. ಒಂದು ಹನಿ ಪೆಟ್ರೋಲಿಗೆ ಎರಡು ಮೂರು ಕೊಡ ನೀರು!

ಮೈಯೊಳಗೆ ಹೋದ ಬೆಂಜೀನನ್ನು ಯಕೃತ್ತು ಹೊರಹಾಕಲು ಹೊರಟು ಬೇರೆ ರಾಸಾಯನಿಕಗಳಾಗಿ ಬದಲಿಸುತ್ತದೆ. ಮೂಳೆಯೊಳಗೆ ರಕ್ತಕಣಗಳು ಹುಟ್ಟುವ ಅಸ್ಥಿಮಜ್ಜೆಗೆ ಏಟು ಕೊಡುವುದು ಅವೇ. ವರ್ಷಗಟ್ಟಲೆ ಹೀಗಾದರೆ ರಕ್ತಹೀನತೆ ಬರಬಹುದು, ರಕ್ತದ ಕ್ಯಾನ್ಸರಿನ ಸಂಭವವೂ ಹೆಚ್ಚುತ್ತದೆ. ಅಮೆರಿಕದ ಲೆಜೂನ್ ಸೈನಿಕ ನೆಲೆಯಲ್ಲಿ 1953ರಿಂದ 1987ರವರೆಗೆ ಜನ ಕಲುಷಿತ ನೀರು ಕುಡಿದರು. ಸೋರುವ ಇಂಧನ ಟ್ಯಾಂಕುಗಳೂ ಅದಕ್ಕೆ ಒಂದು ಕಾರಣ. ಅವರಿಗೆ ನ್ಯಾಯಾಲಯದಲ್ಲಿ ಪರಿಹಾರ ಕೇಳಲು ದಾರಿ ಮಾಡಿದ ಕಾನೂನು ಬಂದದ್ದು 2022ರಲ್ಲಿ.

ಮಂಡ್ಯ, ಮೈಸೂರಿನ ನೆಲದಡಿ ಇರುವುದು ಹೆಚ್ಚಾಗಿ ನೈಸ್ (gneiss) ಎಂಬ ಗಟ್ಟಿ ಬಂಡೆ. ನೀರು ಅದರ ಬಿರುಕುಗಳಲ್ಲಿ ಓಡಾಡುತ್ತದೆ, ಕೊಳೆಯೂ ಅದರ ಬೆನ್ನಿಗೇ. ಹೀಗಾಗಿ ಗ್ಯಾರೇಜಿನ ಪಕ್ಕದ ಬೋರ್‌ವೆಲ್ ಚೆನ್ನಾಗಿದ್ದು ನಾಲ್ಕು ಮನೆ ಆಚೆಯದು ಕೆಡಬಹುದು. ಆಮ್ಲಜನಕ ಸಿಕ್ಕರೆ ಮಣ್ಣಿನ ಬ್ಯಾಕ್ಟೀರಿಯಾಗಳು ಬೆಂಜೀನನ್ನು ತಿಂದು ಮುಗಿಸುತ್ತವೆ. ಬಂಡೆಯ ಆಳದಲ್ಲಿ ಆ ಭಾಗ್ಯ ಕಡಿಮೆ.

"ಕಾಯಿಸಿ ಕುಡಿದರಾಯಿತಲ್ಲ?" ಎಂದರು ಅತ್ತೆ. ಭೇದಿ ತರುವ ಕ್ರಿಮಿಗಳಿಗೆ ಅದು ಸರಿಯಾದ ಮದ್ದು. ಆದರೆ ಬೆಂಜೀನ್ ಕುದಿಯುವುದು 80 ಡಿಗ್ರಿಗೆ. ಪಾತ್ರೆಯಿಂದ ಎದ್ದು ಅಡುಗೆಮನೆಯ ಗಾಳಿಗೆ ಸೇರುತ್ತದೆ, ಒಲೆಯ ಮುಂದೆ ನಿಂತವರು ಅದನ್ನೇ ಉಸಿರಾಡುತ್ತಾರೆ. ಬಾಗಿಲು ಹಾಕಿಕೊಂಡು ಬಿಸಿನೀರು ಸುರಿದುಕೊಳ್ಳುವ ಬಚ್ಚಲುಮನೆಯಲ್ಲೂ ಇದೇ ಕಥೆ. ಇದ್ದಿಲಿನ ಫಿಲ್ಟರ್ ಬೆಂಜೀನನ್ನು ಹಿಡಿದಿಡುತ್ತದೆ ನಿಜ, ತುಂಬಿದ ಮೇಲೆ ಹಿಡಿಯುವುದಿಲ್ಲ.

ಪ್ರಯೋಗಾಲಯಕ್ಕೆ ಬರೀ "ನೀರು ಪರೀಕ್ಷೆ" ಎಂದರೆ ಗಡಸುತನ, ಫ್ಲೋರೈಡ್, ನೈಟ್ರೇಟ್ ನೋಡಿ ಕೊಡುತ್ತಾರೆ. ಬೆಂಜೀನ್ ಎಂದು ಹೆಸರು ಹಿಡಿದು ಕೇಳಬೇಕು. ಗಾಜಿನ ಸೀಸೆಯ ಕಂಠದವರೆಗೆ, ಒಂದು ಗುಳ್ಳೆಯೂ ಉಳಿಯದಂತೆ ತುಂಬಬೇಕು, ಇಲ್ಲವಾದರೆ ಅದು ಸೀಸೆಯೊಳಗಿನ ಗಾಳಿಗೆ ಹಾರಿಬಿಡುತ್ತದೆ. ಅತ್ತೆ ಮೊದಲು ಕಳಿಸಿದ್ದು ಜ್ಯೂಸ್ ಬಾಟಲಿಯಲ್ಲಿ ಅರ್ಧ ನೀರು. ಎರಡನೇ ಸಲ ನಾನೇ ಹೋಗಿ ತುಂಬಿ ತಂದೆ. ವರದಿ ಬರುವವರೆಗೆ ಕುಡಿಯಲು, ಅಡುಗೆಗೆ, ಸ್ನಾನಕ್ಕೆ ನಲ್ಲಿಯ ಕಾವೇರಿ ನೀರು. ಬೋರ್‌ವೆಲ್ಲಿನ ಸ್ವಿಚ್ಚಿಗೆ ಅತ್ತೆ ಟೇಪು ಸುತ್ತಿಟ್ಟಿದ್ದಾರೆ.