ಡೆಮೊದಲ್ಲಿ ಇದ್ದದ್ದು ಗೇಮಿನಲ್ಲಿ ಯಾಕಿಲ್ಲ?

2018ರಲ್ಲಿ ಬಂದ, ಸೈಬರ್‌ಪಂಕ್ 2077 ಎಂಬ ವಿಡಿಯೊ ಗೇಮಿನ ಡೆಮೊ (ಬಿಡುಗಡೆಗೆ ಮೊದಲು ತೋರಿಸುವ ಆಟದ ತುಣುಕು) ನೋಡಿದವರಿಗೆ ಒಂದು ದೃಶ್ಯ ನೆನಪಿರಬಹುದು. ಕೈಯಿಂದ ಹೊರಬಂದ ಬ್ಲೇಡುಗಳನ್ನು ಗೋಡೆಗೆ ಚುಚ್ಚಿ ಪಾತ್ರ ಅಲ್ಲೇ ನೇತಾಡುತ್ತದೆ. 2020ರ ಡಿಸೆಂಬರ್‌ನಲ್ಲಿ ಗೇಮ್ ಬಂದಾಗ ಅದು ಇರಲಿಲ್ಲ. ಇಂಥದ್ದೇ ಆದ ಗೋಡೆ ಮೇಲಿನ ಓಟವನ್ನು ಡಿಸೈನ್ ಕಾರಣಕ್ಕೆ ತೆಗೆದಿದ್ದೇವೆ ಅಂತ ತಂಡದವರು ಬಿಡುಗಡೆಗೆ ಮೊದಲೇ ಹೇಳಿದ್ದರು. ಆದರೆ ಡೆಮೊ ನೋಡಿದಷ್ಟು ಜನ ಆ ಮಾತು ಕೇಳಿಸಿಕೊಳ್ಳಲಿಲ್ಲ.

ಡಿಸೈನ್ ಕಾರಣ ಅಂದರೆ ನುಣುಚಿಕೊಳ್ಳುವ ಮಾತು ಅನ್ನಿಸುತ್ತೆ, ಅಲ್ವಾ? ಲೆವೆಲ್ ಡಿಸೈನ್, ಅಂದರೆ ಆಟ ನಡೆಯುವ ಜಾಗಗಳನ್ನು ರೂಪಿಸುವ ಕೆಲಸ ಮಾಡುವ ನಮಗೆ ಹಾಗಲ್ಲ. ಆಟಗಾರ ಗೋಡೆ ಹತ್ತಬಹುದು ಅಂದ ಕೂಡಲೇ ಊರಿನ ಪ್ರತಿ ಗೋಡೆಯೂ ಬಾಗಿಲಾಗುತ್ತದೆ. ಕಾವಲುಗಾರನನ್ನು ದಾಟಿಯೇ ಒಳಗೆ ಬರಬೇಕು ಅಂತ ಕಟ್ಟಿದ ಮಿಷನ್‌ಗೆ ಆಟಗಾರ ಹಿಂದಿನ ಕಿಟಕಿಯಿಂದ ಬರುತ್ತಾನೆ. ಬಾಗಿಲ ಬಳಿ ಶುರುವಾಗಬೇಕಿದ್ದ ಮಾತುಕತೆ ಶುರುವಾಗೋದೇ ಇಲ್ಲ, ಮಿಷನ್ ಅಲ್ಲೇ ಕೂತುಬಿಡುತ್ತದೆ. ಶತ್ರುಗಳಿಗೆ ಮೇಲೆ ಹತ್ತುವ ದಾರಿ ಗೊತ್ತಿಲ್ಲ, ಅವರು ಕೆಳಗೆ ಸುಮ್ನೆ ಸುತ್ತುತ್ತಾರೆ. ಕ್ಯಾಮೆರಾ ಗೋಡೆಯೊಳಗೆ ತೂರುತ್ತದೆ. ಯಾರೂ ನೋಡಲ್ಲ ಅಂತ ಖಾಲಿ ಬಿಟ್ಟ ಮಹಡಿಗಳನ್ನೂ ಈಗ ತುಂಬಿಸಬೇಕು. ಡೆಮೊಗೆ ಒಂದು ಕಟ್ಟಡ ಸರಿಯಿದ್ದರೆ ಸಾಕು. ಇಡೀ ನಗರಕ್ಕೆ ಅದನ್ನೇ ಮಾಡಲು ಹೋದಾಗ ಲೆಕ್ಕ ತಪ್ಪುತ್ತದೆ.

ಹೀಗಾಗಿ ಡೆಮೊದಲ್ಲಿ ಕಂಡದ್ದು ಬಹುಪಾಲು ಸುಳ್ಳಲ್ಲ. ಅಷ್ಟು ಭಾಗ ನಿಜವಾಗಿಯೂ ಓಡುತ್ತಿರುತ್ತದೆ, ಅದರಾಚೆಗೆ ಏನೂ ಇರುವುದಿಲ್ಲ.

ಸುಳ್ಳಲ್ಲ ಅಂದಮಾತ್ರಕ್ಕೆ ಕಂಪನಿಗಳದ್ದು ತಪ್ಪಿಲ್ಲ ಅಂತಲ್ಲ. ಸಂದರ್ಶನದಲ್ಲಿ 'ಅದೂ ಇರುತ್ತೆ' ಅಂದಮೇಲೆ, ಅದು ಬಿದ್ದುಹೋದ ದಿನ ಅಷ್ಟೇ ಜೋರಾಗಿ ಹೇಳಬೇಕು. ನೋ ಮ್ಯಾನ್ಸ್ ಸ್ಕೈ ಗೇಮಿನಲ್ಲಿ ಆಟಗಾರರು ಒಬ್ಬರನ್ನೊಬ್ಬರು ಭೇಟಿಯಾಗಬಹುದು ಅಂದಿದ್ದರು. 2016ರಲ್ಲಿ ಅದು ಬಂದ ಹೊಸತರಲ್ಲೇ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ಜಾಗಕ್ಕೆ ಹೋಗಿ ನಿಂತರು. ಒಬ್ಬರಿಗೊಬ್ಬರು ಕಾಣಲೇ ಇಲ್ಲ. ಹಲವರು ಒಟ್ಟಿಗೆ ಆಡುವ ಸರಿಯಾದ ಮಲ್ಟಿಪ್ಲೇಯರ್ ಬಂದದ್ದು 2018ರಲ್ಲಿ. ಆ ತಂಡ ಉಚಿತ ಅಪ್‌ಡೇಟ್ ಕೊಡುತ್ತಾ ಹೆಸರು ಉಳಿಸಿಕೊಂಡಿತು, ಒಪ್ಪುತ್ತೇನೆ. ಎಲ್ಲರೂ ಹಾಗೆ ಮಾಡ್ತಾರೆ ಅಂತ ನಂಬಬೇಡಿ. ಹೇಲೋ ಇನ್ಫಿನಿಟ್ 2021ರ ಡಿಸೆಂಬರ್‌ನಲ್ಲಿ ಬಂತು. ಒಂದೇ ಟಿವಿಯಲ್ಲಿ ಇಬ್ಬರು ಕೂತು ಕಥೆ ಆಡುವ ಸೌಲಭ್ಯ ಆಮೇಲೆ ಬರುತ್ತೆ ಅಂದಿದ್ದರು. ಮುಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ಅದನ್ನು ಕೈಬಿಟ್ಟರು. ಆ ಮಾತು ನಂಬಿ ಕೊಂಡವರು ಏನು ಮಾಡಬೇಕು?

ನಾನು ನೋಡುವುದು ಇಷ್ಟೇ: ವಿಡಿಯೊದಲ್ಲಿ ಕಂಟ್ರೋಲರ್ ಯಾರ ಕೈಯಲ್ಲಿತ್ತು? ಹೊರಗಿನವರು ತಮ್ಮಿಷ್ಟದ ಹಾಗೆ ಆಡಿದ್ದರೆ ನನಗೆ ನಂಬಿಕೆ ಜಾಸ್ತಿ. ಕಂಪನಿಯವರೇ ಆಡಿ ತೋರಿಸಿದರೆ ಕಡಿಮೆ. ಬರೀ ಟ್ರೇಲರ್ ಆದರೆ ಕಲೆ ಚೆನ್ನಾಗಿದೆ ಅಂದುಕೊಂಡು ಮುಂದೆ ಹೋಗಿ. ನಾಲ್ಕು ವರ್ಷ ಹಿಂದಿನ ಸಂದರ್ಶನವನ್ನಂತೂ ಮರೆತೇಬಿಡಿ, ಅದನ್ನು ಕೊಟ್ಟವರು ಈಗ ಆ ತಂಡದಲ್ಲೇ ಇಲ್ಲದಿರಬಹುದು.

ಮುಂಗಡ ಬುಕಿಂಗ್ ಮಾಡಲೇಬೇಕು ಅಂದರೆ ರೀಫಂಡ್ ನಿಯಮ ಮೊದಲು ಓದಿ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಬಿಡುಗಡೆಗೆ ಮೊದಲು ಯಾವಾಗ ಬೇಕಾದರೂ ಹಣ ವಾಪಸ್ ಕೇಳಬಹುದು. ಬಿಡುಗಡೆಯಾದ ಮೇಲೆ 14 ದಿನದೊಳಗೆ ಕೇಳಬೇಕು, 2 ಗಂಟೆಗಿಂತ ಕಡಿಮೆ ಆಡಿರಬೇಕು. ಹಾಗಾಗಿ ನಿಮಗೆ ಮುಖ್ಯವಾದ ಆ ಒಂದು ಫೀಚರ್ ಇದೆಯಾ ಅಂತ ಮೊದಲ ಗಂಟೆಯಲ್ಲೇ ಹುಡುಕಿ. ಪಾತ್ರದ ಮೂಗು, ಕೂದಲು ತಿದ್ದುವುದನ್ನು ಆಮೇಲೆ ಇಟ್ಟುಕೊಳ್ಳಿ, ಆ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ.