ವಿಕಿಪ್ರಾಜೆಕ್ಟ್ ಟಿಪ್ಪಣಿ: ಬ್ಯಾನರ್ ಎಲ್ಲಿ ಹಾಕಬೇಕು, ಯಾಕೆ ಅಲ್ಲೇ?

ಇಂಗ್ಲಿಷ್ ವಿಕಿಪೀಡಿಯದಲ್ಲಿ ಕರ್ನಾಟಕದ ಲೇಖನಗಳನ್ನು ತಿದ್ದಲು ಹೋಗಿ ಒಂದೇ ಜಾಗದಲ್ಲಿ ಮೂರು ಸಲ ಎಡವಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಲಾಗಿನ್, ಸಂಪಾದನೆ, ಪ್ರಯೋಗಪುಟ ನಿಮಗೆ ಗೊತ್ತಿದೆ ಅಂದುಕೊಳ್ಳುತ್ತೇನೆ.

ವಿಕಿಪ್ರಾಜೆಕ್ಟ್ ಎಂದರೆ ಒಂದು ವಿಷಯದ ಲೇಖನಗಳನ್ನು ನೋಡಿಕೊಳ್ಳುವ ಸಂಪಾದಕರ ಗುಂಪು. ವೈದ್ಯಕೀಯಕ್ಕೆ ಒಂದು, ಯುದ್ಧಗಳ ಇತಿಹಾಸಕ್ಕೆ ಒಂದು, ಭಾರತಕ್ಕೆ ಒಂದು. ಸೇರಲು ಅರ್ಜಿ ಗಿರ್ಜಿ ಬೇಡ. ಪಟ್ಟಿಯಲ್ಲಿ ಹೆಸರು ಹಾಕಿದರೆ ಸಾಕು, ಹಾಕದೆಯೂ ಕೆಲಸ ಮಾಡಬಹುದು.

ನಾನು ಎಡವಿದ್ದು ಇಲ್ಲಿ

ಗುಂಪಿಗೆ ಯಾವ ಲೇಖನ ಸೇರಿದೆ ಎಂದು ಹೇಳುವುದು ಬ್ಯಾನರ್, ಅಂದರೆ ಒಂದು ಟೆಂಪ್ಲೇಟು (ಪುಟಕ್ಕೆ ಸೇರಿಸುವ ಸಿದ್ಧ ತುಣುಕು). ನಾನು ಅದನ್ನು ಒಂದು ಕೆರೆಯ ಲೇಖನದ ತಲೆಯ ಮೇಲೇ ಹಾಕಿದೆ. ಸ್ವಲ್ಪ ಹೊತ್ತಿಗೆ ಯಾರೋ ತೆಗೆದುಹಾಕಿದರು. ಮತ್ತೆ ಹಾಕಿದೆ. ಮತ್ತೆ ಹೋಯಿತು! ನನಗೆ ಸಿಟ್ಟೂ ಬಂತು.

ಬ್ಯಾನರ್ ಹಾಕಬೇಕಾದದ್ದು ಲೇಖನಕ್ಕಲ್ಲ, ಅದರ ಚರ್ಚೆ ಪುಟಕ್ಕೆ, ಅಂದರೆ ಲೇಖನದ ಬಗ್ಗೆ ಸಂಪಾದಕರು ಮಾತಾಡಿಕೊಳ್ಳುವ ಪುಟಕ್ಕೆ. ಲೇಖನ ಊಟದ ಪಂಕ್ತಿ ಇದ್ದಂತೆ, ಚರ್ಚೆ ಪುಟ ಅಡುಗೆಮನೆ. ಪಲ್ಯ ಯಾರು ಮಾಡಬೇಕು ಎಂಬ ಚೀಟಿಯನ್ನು ಬಾಳೆ ಎಲೆಯ ಮೇಲೆ ಬಡಿಸುತ್ತಾರಾ? ಇಲ್ವಲ್ಲ.

ಇನ್ನೂ ಒಂದು ವಿಷಯ ತಡವಾಗಿ ಹೊಳೆಯಿತು. ಬ್ಯಾನರಿನ ಹೊಟ್ಟೆಯೊಳಗೆ ಒಂದು ವರ್ಗ (ಒಂದೇ ಬಗೆಯ ಪುಟಗಳ ಪಟ್ಟಿ) ಅಡಗಿರುತ್ತದೆ. ಭಾರತದ ಬ್ಯಾನರಿನಲ್ಲಿ ‘ಕರ್ನಾಟಕ = ಯೆಸ್’ ಎಂದು ಸೇರಿಸಿ ಉಳಿಸಿದ ಕೂಡಲೇ ಆ ಚರ್ಚೆ ಪುಟ ಕರ್ನಾಟಕದ ವರ್ಗಕ್ಕೆ ತಾನಾಗಿ ಸೇರುತ್ತದೆ. ಆಮೇಲೆ ಬಾಟ್ (ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ) ಬಂದು ಎಣಿಸಿ ಕೋಷ್ಟಕ ಮಾಡುತ್ತದೆ. ಪಟ್ಟಿಯನ್ನು ಯಾರೂ ಕೈಯಲ್ಲಿ ಬರೆಯುವುದಿಲ್ಲ. ನೆನಪಿಡಿ: ಆ ವರ್ಗದಲ್ಲಿ ಇರುವುದೆಲ್ಲ ಚರ್ಚೆ ಪುಟಗಳು, ಲೇಖನಗಳಲ್ಲ. ಇದು ಮುಂದೆ ಮತ್ತೆ ಕಾಡುತ್ತದೆ.

ಬ್ಯಾನರ್ ಇದೆ ಎಂದು ಲೇಖನ ಗುಂಪಿನ ಸ್ವತ್ತಾಗುವುದಿಲ್ಲ. ಪಾತ್ರೆಯ ಮೇಲೆ ಹೆಸರು ಕೊರೆಸಿದ ಹಾಗಲ್ಲ ಇದು. ಒಂದೇ ಲೇಖನಕ್ಕೆ ನಾಲ್ಕು ಗುಂಪುಗಳ ಬ್ಯಾನರ್ ಇರಬಹುದು.

ನಾಲ್ಕಿದ್ದರೆ ಗುಣಮಟ್ಟದ ದರ್ಜೆ ಎಲ್ಲಿ ಬರೆಯಬೇಕು? ಮೂರನೇ ಸಲ ಎಡವಿದ್ದು ಇಲ್ಲೇ. ಹಳೆಯ ಸೂಚನೆ ಓದಿ ಪ್ರತಿ ಬ್ಯಾನರಿನೊಳಗೂ ದರ್ಜೆ ಬರೆದೆ. ಮೊದಲು ಹಾಗೇ ಇತ್ತು: ಒಂದು ಗುಂಪು ಸ್ಟಬ್ (ನಮ್ಮ ಭಾಷೆಯಲ್ಲಿ ಚುಟುಕು) ಎಂದರೆ ಇನ್ನೊಂದು ಅದೇ ಲೇಖನವನ್ನು ಅದಕ್ಕಿಂತ ಮೇಲಿನ ಸಿ ದರ್ಜೆ ಎನ್ನುತ್ತಿತ್ತು. 2023ರಲ್ಲಿ ಇದನ್ನು ಬದಲಿಸಿದರು. ಈಗ ಎಲ್ಲ ಬ್ಯಾನರುಗಳನ್ನೂ ‘ಬ್ಯಾನರ್ ಶೆಲ್’ ಎಂಬ ಹೊರ ಟೆಂಪ್ಲೇಟಿನೊಳಗೆ ಇಟ್ಟು, ದರ್ಜೆಯನ್ನು ಆ ಶೆಲ್‌ನಲ್ಲಿ ಒಂದೇ ಸಲ ಬರೆಯುತ್ತಾರೆ.

ಆದರೆ ಮಹತ್ವದ ಮಟ್ಟ ಮಾತ್ರ ಒಳಗಿನ ಬ್ಯಾನರುಗಳಲ್ಲೇ ಉಳಿದಿದೆ. ಯಾಕೆ ಎಂದು ಯೋಚಿಸಿದರೆ ಸರಳ. ಬರಹ ಚೆನ್ನಾಗಿದೆಯೋ ಇಲ್ಲವೋ ಎಂಬುದು ಎಲ್ಲರಿಗೂ ಒಂದೇ. ತುಂಗಭದ್ರೆ ಎಷ್ಟು ಮುಖ್ಯ ಎಂಬುದು ಹಾಗಲ್ಲ. ಕರ್ನಾಟಕದ ಕಣ್ಣಿಗೆ ಬಹಳ ದೊಡ್ಡದು, ಲೋಕದ ನದಿಗಳನ್ನೆಲ್ಲ ನೋಡುವ ಗುಂಪಿಗೆ ಅಷ್ಟಲ್ಲ. ಅಂದಹಾಗೆ, ಸ್ಟಬ್, ಸ್ಟಾರ್ಟ್, ಸಿ, ಬಿ ತನಕ ನಾವೇ ಹಾಕಬಹುದು. ಜಿಎ (ಗುಡ್ ಆರ್ಟಿಕಲ್), ಎಫ್‌ಎ (ಫೀಚರ್ಡ್ ಆರ್ಟಿಕಲ್) ಬೇಕಾದರೆ ಬೇರೆಯವರು ಪರಿಶೀಲಿಸಬೇಕು.

ನನಗಿಷ್ಟದ ಅಡ್ಡದಾರಿ

‘ಸಂಬಂಧಪಟ್ಟ ಬದಲಾವಣೆಗಳು’ ಕೊಂಡಿಯನ್ನು ಎಷ್ಟು ಜನ ಒತ್ತಿದ್ದೀರಿ? ಒಂದು ಪುಟದಲ್ಲಿರುವ ಕೊಂಡಿಗಳೆಲ್ಲ ಯಾವ ಲೇಖನಗಳಿಗೆ ಹೋಗುತ್ತವೋ ಅವುಗಳಲ್ಲಿ ಆದ ಇತ್ತೀಚಿನ ಬದಲಾವಣೆಗಳನ್ನು ಅದು ಒಟ್ಟಿಗೆ ತೋರಿಸುತ್ತದೆ. ಬ್ಯಾನರಿನ ವರ್ಗದಲ್ಲಿ ಒತ್ತಿ ನೋಡಿದೆ, ಲೇಖನಗಳ ಬದಲಾವಣೆ ಒಂದೂ ಕಾಣಲಿಲ್ಲ. ಅಲ್ಲಿರುವುದು ಬರೀ ಚರ್ಚೆ ಪುಟಗಳು, ಹೇಳಿದೆನಲ್ಲ!

ಅದಕ್ಕೆ ನನ್ನ ಸದಸ್ಯ ಪುಟದ ಕೆಳಗೆ ಒಂದು ಉಪಪುಟ ಮಾಡಿ, 40 ಲೇಖನಗಳ ಕೊಂಡಿಗಳನ್ನು ಸುಮ್ನೆ ಸಾಲಾಗಿ ಹಾಕಿದೆ. ಅಲ್ಲಿ ನಿಂತು ಒತ್ತಿದರೆ ಎಲ್ಲವೂ ಕಾಣುತ್ತದೆ. ಚರ್ಚೆಗಳೂ ಬೇಕಿದ್ದರೆ ಚರ್ಚೆ ಪುಟಗಳ ಕೊಂಡಿಗಳನ್ನೂ ಸೇರಿಸಿ. ವೀಕ್ಷಣಾಪಟ್ಟಿ (ನಾನು ಕಣ್ಣಿಟ್ಟ ಪುಟಗಳ ಪಟ್ಟಿ) ನನಗೊಬ್ಬನಿಗೇ ಕಾಣುವಂಥದ್ದು, ಈ ಪುಟದ ಕೊಂಡಿಯನ್ನು ಗೆಳೆಯರಿಗೂ ಕಳಿಸಬಹುದು. ಐದು ಜನರ ಸಣ್ಣ ಗುಂಪಿಗೆ ಇದೇ ಜಾಸ್ತಿ ಉಪಯೋಗ ಅಂತ ನನ್ನ ಅನಿಸಿಕೆ.

ಜನರ ಬಗ್ಗೆ, ಸ್ವಲ್ಪ

ಯುದ್ಧ ಇತಿಹಾಸದ ಗುಂಪು ತನ್ನ ಸಂಯೋಜಕರನ್ನು ಚುನಾವಣೆಯಲ್ಲಿ ಆರಿಸುತ್ತದೆ. ಗೆದ್ದವರಿಗೆ ವಿಶೇಷ ಅಧಿಕಾರವೇನೂ ಇಲ್ಲ, ಕೆಲಸ ಮಾತ್ರ ಹೆಚ್ಚು. ಹುದ್ದೆಗಳ ಭಾರಕ್ಕೇ ಕುಸಿದ ಉದಾಹರಣೆಯೂ ಇದೆ: ಸಂಪಾದಕರ ನಡುವೆ ಸ್ನೇಹ ಬೆಳೆಸಲು 2005ರಲ್ಲಿ ಶುರುವಾದ ‘ಎಸ್ಪೆರಾನ್ಸಾ’. ಒಳಗೊಳಗೇ ಮಂಡಳಿ, ಚುನಾವಣೆ ಎಂದು ಬೆಳೆದು ಟೀಕೆಗೆ ಗುರಿಯಾಯಿತು. 2007ರ ಆರಂಭದ ಹೊತ್ತಿಗೆ ಅದನ್ನು ಮುಚ್ಚಿದರು. 2015ರಲ್ಲಿ ಶುರುವಾದ ‘ವಿಮೆನ್ ಇನ್ ರೆಡ್’ ಬೇರೆ ದಾರಿ ಹಿಡಿಯಿತು: ಇನ್ನೂ ಲೇಖನವಿಲ್ಲದ ಮಹಿಳೆಯರ ಕೆಂಪು ಕೊಂಡಿಗಳ ಪಟ್ಟಿ ಮುಂದಿಟ್ಟು, ಬಂದವರು ಒಂದನ್ನು ಆರಿಸಿ, ಲೇಖನ ಬರೆದು ನೀಲಿ ಮಾಡುವುದು. ಹೊಸಬರಿಗೆ ಏನು ಮಾಡಲಿ ಎಂದು ಕೇಳುವ ಕೆಲಸವೇ ಇಲ್ಲ.

ಯಾವುದೇ ಗುಂಪಿಗೆ ಸೇರುವ ಮೊದಲು ಸದಸ್ಯರ ಪಟ್ಟಿ ನೋಡಬೇಡಿ. ಅಲ್ಲಿ ಹೆಸರು ಹಾಕಿ ವರ್ಷಗಟ್ಟಲೆ ತಿರುಗಿ ನೋಡದವರೂ ಇರುತ್ತಾರೆ. ಪ್ರಾಜೆಕ್ಟಿನ ಚರ್ಚೆ ಪುಟಕ್ಕೆ ಹೋಗಿ, ಕೊನೆಯ ಪ್ರಶ್ನೆಗೆ ಯಾರಾದರೂ ಉತ್ತರ ಕೊಟ್ಟಿದ್ದಾರಾ ನೋಡಿ.